ಭಾಮೆಯ ಮುನಿಸಿಗೆ ಎಷ್ಟು ಹೊತ್ತು?

ಕತೆ ನಿಂತಿರುವುದು ಒಂದು ಹೂವಿನ ಮೇಲೆ. ನಾರದ ದೇವಲೋಕದಿಂದ ಪಾರಿಜಾತದ ಹೂ ತಂದು ಕೃಷ್ಣನ ಕೈಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಮನೆ ಮುಟ್ಟುತ್ತದೆ. ಮುಂದೇನಾಗುತ್ತದೆ ಎಂಬುದು ಆಟ ನೋಡಲು ಕೂತವರಿಗೆಲ್ಲ ಮೊದಲೇ ಗೊತ್ತು. ಭಾಮೆ ಮುನಿಯುತ್ತಾಳೆ, ದೂತಿ ಆ ಮನೆಗೂ ಈ ಮನೆಗೂ ಎಡತಾಕುತ್ತಾಳೆ, ಕೃಷ್ಣ ಕೊರವಂಜಿಯ ವೇಷ ಹಾಕಿಕೊಂಡು ಕಣಿ ಹೇಳಲು ಬರುತ್ತಾನೆ, ಕೊನೆಗೆ ರಾಜಿಯಾಗುತ್ತದೆ. ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಈ ಕತೆಗೆ ಉತ್ತರ ಕರ್ನಾಟಕದ ಜನ ಇಡೀ ರಾತ್ರಿ ಕೊಟ್ಟರು. ಒಂದು ಸಲವಲ್ಲ, ವರ್ಷವರ್ಷವೂ, ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ. ಶ್ರೀಕೃಷ್ಣ ಪಾರಿಜಾತವನ್ನು ಮತ್ತೆ ಕಟ್ಟಬೇಕು ಎಂಬ ಮಾತು ಎದ್ದಾಗಲೆಲ್ಲ ನನಗೆ ಮೊದಲು ಏಳುವ ಪ್ರಶ್ನೆ ಒಂದೇ. ಆ ರಾತ್ರಿಯಲ್ಲಿ ಏನೇನು ತುಂಬಿತ್ತು? ಅದನ್ನು ತಿಳಿಯದೆ ಕತ್ತರಿ ಹಿಡಿದವರ ಕೈಯಲ್ಲಿ ಕತೆ ಉಳಿಯುತ್ತದೆ, ಆಟ ಹೋಗುತ್ತದೆ.

ಈ ಆಟದ ತವರು ಘಟಪ್ರಭೆಯ ಸೀಮೆ. ಗೋಕಾಕ, ಮುಧೋಳ, ಜಮಖಂಡಿ, ಬೀಳಗಿ ಕಡೆಯ ಮೇಳಗಳೇ ಹೆಸರಾದವು. ಆದರೆ 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಮುಧೋಳವೂ ಜಮಖಂಡಿಯೂ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯ ಊರುಗಳೇ. ಭೀಮೆಯ ಕಡೆಯ ಇಂಡಿ, ಸಿಂದಗಿ, ಕೃಷ್ಣೆಯ ಕಡೆಯ ಮುದ್ದೇಬಿಹಾಳ, ಬಸವನಬಾಗೇವಾಡಿ ಎಲ್ಲವೂ ಅದೇ ಜಾತ್ರೆ, ಅದೇ ಸಂತೆ, ಅದೇ ಬೀಗತನದ ಬಳಗಕ್ಕೆ ಸೇರಿದವು. ಎರೆಹೊಲದಲ್ಲಿ ಬಿಳಿಜೋಳ ನಿಂತಿರುವ ಚಳಿಗಾಲದಲ್ಲಿ, ಇಲ್ಲವೇ ರಾಶಿ ಮುಗಿದು ಕೈ ಬಿಡುವಾದ ಮೇಲೆ, ಊರ ದೇವರ ಹೆಸರಿನಲ್ಲಿ ಆಟ ಆಡಿಸುವುದು ಇಲ್ಲಿಯ ಪದ್ಧತಿ. ಮೇಳಕ್ಕೆ ವೀಳ್ಯ ಕೊಟ್ಟು ಬಂದರೆ ಮಾತು ಮುಗಿಯಿತು. ಗುಡಿಯ ಮುಂದೆ ನಾಲ್ಕು ಕಂಬ, ಮೇಲೊಂದು ಚಪ್ಪರ, ಸುತ್ತ ಗೋಣಿತಟ್ಟು, ಕಂಬಳಿ ಹಾಸಿಕೊಂಡ ಜನ.

ಈ ಆಟವನ್ನು ಮೊದಲು ಬರೆದವನು ಅಪರಾಳ ತಮ್ಮಣ್ಣ. ಅದನ್ನು ತಿದ್ದಿ, ಹೊಸದು ಸೇರಿಸಿ, ಇಂದು ನಾವು ಕಾಣುವ ರೂಪಕ್ಕೆ ತಂದವನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ. ಆಮೇಲೆ ಕೌಜಲಗಿ ನಿಂಗಮ್ಮ ಬಂದಳು. ಆಕೆಯ ಹಾಡಿಕೆಯಿಂದ ಪಾರಿಜಾತ ಊರೂರಿಗೆ ಹಬ್ಬಿತು, ಪಾರಿಜಾತವೆಂದರೆ ನಿಂಗಮ್ಮ ಎನ್ನುವಷ್ಟು. ಬಯಲಾಟಗಳಲ್ಲಿ ದೊಡ್ಡಾಟ, ಸಣ್ಣಾಟ ಎಂದು ಎರಡು ಕವಲು. ದೊಡ್ಡಾಟದಲ್ಲಿ ಯುದ್ಧ, ಅಬ್ಬರ, ಭಾರಿ ಕಿರೀಟ, ಗಂಡಸರೇ ಕಟ್ಟುವ ಹೆಣ್ಣುವೇಷ. ಸಣ್ಣಾಟದಲ್ಲಿ ಮನೆಮಾತು, ಪ್ರೀತಿ, ಜಗಳ, ಮತ್ತು ಹೆಣ್ಣಿನ ಪಾತ್ರಕ್ಕೆ ಹೆಣ್ಣು. ಪಾರಿಜಾತದ ವಸ್ತು ಪುರಾಣದ್ದು, ನಡೆ ಸಣ್ಣಾಟದ್ದು. ದ್ವಾರಕೆಯ ದೇವರು ಇಲ್ಲಿ ಇಬ್ಬರು ಹೆಂಡಿರ ಗಂಡ.

ಇನ್ನು ಆ ರಾತ್ರಿಯೊಳಗೆ ಹೋಗೋಣ. ಗಣಪತಿಯ ಸ್ತುತಿ ಮುಗಿದ ಮೇಲೆ ಹೂವಿನ ಕತೆ ನೇರವಾಗಿ ಶುರುವಾಗುವುದಿಲ್ಲ. ಮೊದಲು ಗೊಲ್ಲತಿ ಬರಬೇಕು. ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಮಾರಲು ಹೊರಟವಳನ್ನು ಕೃಷ್ಣ ಅಡ್ಡಗಟ್ಟುತ್ತಾನೆ, ಸುಂಕ ಕೇಳುತ್ತಾನೆ. ಯಾವ ರಾಜ್ಯದ ಸುಂಕ, ಯಾರು ಹಾಕಿದ ಕಾನೂನು ಎಂದು ಅವಳು ತಿರುಗಿ ಬೀಳುತ್ತಾಳೆ. ಪುರಾಣದ ಪಾರಿಜಾತ ಪ್ರಸಂಗಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗೆ ನೋಡಿದರೆ ಇಂಡಿಯಿಂದ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರೆ ಮರಾಠಿ ತಮಾಶಾದಲ್ಲೂ ಇಂಥದೇ ‘ಗವಳಣ’ ಇದೆ. ಅಲ್ಲಿಯೂ ಮಥುರೆಗೆ ಹೊರಟ ಗೊಲ್ಲತಿಯರನ್ನು ಕೃಷ್ಣ ತಡೆಯುತ್ತಾನೆ. ಎರಡು ಭಾಷೆಯ ಆಟಗಾರರು ಒಂದೇ ಜಾತ್ರೆಯ ದಾರಿ ತುಳಿದ ಗುರುತು ಇದು. ಈಗಿನ ಎರಡು ತಾಸಿನ ಪ್ರಯೋಗಗಳಲ್ಲಿ ಮೊದಲು ಬಲಿಯಾಗುವುದು ಈ ಗೊಲ್ಲತಿಯೇ, ಕತೆಗೆ ಸಂಬಂಧವಿಲ್ಲವೆಂಬ ಕಾರಣಕ್ಕೆ. ಆದರೆ ಆಟದ ನಡಿಗೆಯನ್ನು ನೋಡುಗನಿಗೆ ಹಿಡಿಸುವವಳು ಅವಳೇ. ಪದ ಹೇಗೆ ಎತ್ತುತ್ತಾರೆ, ಮಾತು ಎಲ್ಲಿ ಒಡೆಯುತ್ತದೆ, ಹೆಣ್ಣು ದೇವರಿಗೆ ಎಷ್ಟರಮಟ್ಟಿಗೆ ಎದುರಾಡಬಹುದು ಎಂಬುದೆಲ್ಲ ಗೊಲ್ಲತಿಯ ಪ್ರಸಂಗದಲ್ಲಿ ಪಾಠವಾಗಿರುತ್ತದೆ. ನಡುರಾತ್ರಿ ಭಾಮೆ ಬಂದಾಗ ಜನ ಆ ಪಾಠ ಕಲಿತು ಸಿದ್ಧರಾಗಿರುತ್ತಾರೆ.

ಪದ ಎತ್ತುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಪಾತ್ರಧಾರಿ ಮೊದಲ ಸಾಲನ್ನು ತಾನೇ ಹಾಡುತ್ತಾಳೆ, ಸಾವಧಾನವಾಗಿ, ಹಿಂದೂಸ್ತಾನಿ ರಾಗದ ನೆಲೆಯಲ್ಲಿ. ಪೇಟಿ ಅವಳ ಬೆನ್ನಿಗೆ ಹೋಗುತ್ತದೆ. ಹಿಂದೆ ನಿಂತ ಹಿಮ್ಮೇಳದವರು ಆ ಸಾಲನ್ನು ಅವಳ ಬಾಯಿಂದ ಕಸಿದುಕೊಂಡವರಂತೆ ಎತ್ತಿಕೊಂಡು ತಾಳ ಹೆಚ್ಚಿಸುತ್ತಾರೆ. ತಬಲಾ ಲಯ ಬದಲಿಸುತ್ತದೆ. ಆಗ ಅವಳಿಗೆ ಹಾಡುವ ಕೆಲಸವಿಲ್ಲ, ಗೆಜ್ಜೆಯ ಕೆಲಸ ಮಾತ್ರ. ರಂಗದ ಮೇಲೆ ಸುತ್ತು ಹಾಕುತ್ತಾಳೆ, ಕುಣಿತ ಏರುತ್ತದೆ, ಒಂದು ಮುಕ್ತಾಯದ ಹೊಡೆತಕ್ಕೆ ಎಲ್ಲ ನಿಲ್ಲುತ್ತದೆ. ಆ ನಿಂತ ಗಳಿಗೆಯಲ್ಲಿ ಮಾತು ಶುರು. ಈಗಷ್ಟೇ ಹಾಡಿದ್ದರ ಅರ್ಥವನ್ನು ಬಿಡಿಸಬೇಕು, ಅದೂ ಊರ ಮಾತಿನಲ್ಲಿ, ಎದುರಿಗೆ ಕೂತವರ ಬದುಕಿಗೆ ತಾಗುವಂತೆ. ಪದ ಬರೆದಿಟ್ಟದ್ದು. ಮಾತು ಅಂದಂದಿನದು.

ಆ ಮಾತಿನ ಒಡೆತನವಿರುವುದು ದೂತಿಗೆ. ಹಲವು ಮೇಳಗಳಲ್ಲಿ ಈ ಕೆಲಸ ಆಟ ನಡೆಸುವ ಹಿರಿಯನದು. ಭಾಮೆ ಒಂದು ಪದ ಹಾಡಿ ಕೃಷ್ಣನನ್ನು ಬಯ್ದರೆ ದೂತಿ ಕೇಳುತ್ತಾಳೆ, ತಿಳಿಯದವಳಂತೆ. ಭಾಮೆ ಮತ್ತೆ ಹೇಳುತ್ತಾಳೆ. ದೂತಿ ಕೃಷ್ಣನ ಪರ ವಾದಿಸುತ್ತಾಳೆ, ಹೆಂಡತಿಯರ ಪರ ವಾದಿಸುತ್ತಾಳೆ, ಊರ ಸಾಲ, ಮಳೆ, ಹೊಸ ಸೊಸೆ, ಹಳೆ ಗೌಡ ಎಲ್ಲವನ್ನೂ ಎಳೆದು ತರುತ್ತಾಳೆ. ಕೂತವರಲ್ಲಿ ಇಬ್ಬರು ಹೆಂಡಿರ ಗಂಡನೊಬ್ಬನಿದ್ದರೆ ಆತನ ಗತಿ ಆ ರಾತ್ರಿ ಕೇಳುವುದೇ ಬೇಡ. ಜನ ನಗುತ್ತಾರೆ, ನಕ್ಕ ಮರುಗಳಿಗೆ ಭಾಮೆಯ ಮುಂದಿನ ಪದ ಬರುತ್ತದೆ. ಆಗ ಅದೇ ಜನ ಗಂಟಲು ಕಟ್ಟಿದವರಂತೆ ಸುಮ್ಮನಾಗುತ್ತಾರೆ. ಅವಳ ದುಃಖ ಹೂವಿನದಲ್ಲವೆಂಬುದು ಅಷ್ಟು ಹೊತ್ತಿಗೆ ತಿಳಿದಿರುತ್ತದೆ. ಮಾಳಿಗೆಯ ಮೇಲೆ ಸೆರಗು ಹೊದ್ದು ಕೂತ ಹೆಂಗಸರಿಗೆ ಅದು ಎಲ್ಲರಿಗಿಂತ ಮೊದಲು ತಿಳಿದಿರುತ್ತದೆ. ಮೆಚ್ಚಿದವರು ಎದ್ದು ಬಂದು ಆಯೇರಿ ಮಾಡುತ್ತಾರೆ. ನೋಟು ಕೊಟ್ಟವರ ಹೆಸರು, ಊರು ಕೂಗಿ ಹೇಳುವುದಕ್ಕೆಂದು ಆಟ ಅರೆಗಳಿಗೆ ನಿಲ್ಲುತ್ತದೆ, ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ.

ಪಾರಿಜಾತದ ಗಿಡ ಸಂಜೆ ಕತ್ತಲಾದ ಮೇಲೆ ಮೊಗ್ಗು ಬಿಚ್ಚುತ್ತದೆ, ಬೆಳಗಾಗುವುದರೊಳಗೆ ಹೂ ಉದುರಿಸುತ್ತದೆ. ಆಟದ ಅಳತೆಯೂ ಅಷ್ಟೇ ಇತ್ತು. ಭಾಮೆಯ ಮುನಿಸು ಕರಗುವುದಕ್ಕೆ ಬೇಕಾದ ಹೊತ್ತು ಅದು.

ಈಗ ದೂರದ ಒಂದು ಊರಿಗೆ ಹೋಗಿ ಬರೋಣ, ಏಕೆಂದರೆ ಹಳೆಯ ಆಟವನ್ನು ಮತ್ತೆ ಕಟ್ಟುವ ವಿದ್ಯೆಯನ್ನು ಬ್ಯಾಲೆಯವರಷ್ಟು ಶ್ರದ್ಧೆಯಿಂದ ರೂಢಿಸಿಕೊಂಡವರು ಕಡಿಮೆ. 1946ರ ಫೆಬ್ರುವರಿ 20ರಂದು ಲಂಡನ್ನಿನ ರಾಯಲ್ ಅಪೆರಾ ಹೌಸ್ ಯುದ್ಧದ ನಂತರ ಮೊದಲ ಬಾರಿ ಬಾಗಿಲು ತೆರೆಯಿತು. ಯುದ್ಧದ ವರ್ಷಗಳಲ್ಲಿ ಅದು ಸೈನಿಕರು, ಹುಡುಗಿಯರು ಕುಣಿಯುವ ಡಾನ್ಸ್ ಹಾಲ್ ಆಗಿತ್ತು. ಬಟ್ಟೆ ಇನ್ನೂ ಪಡಿತರದಲ್ಲೇ ಇತ್ತು. ಅಂಥ ಹೊತ್ತಿನಲ್ಲಿ ನಿನೆಟ್ ಡಿ ವಲ್ವಾ ಕಟ್ಟಿದ ಸ್ಯಾಡ್ಲರ್ಸ್ ವೆಲ್ಸ್ ಬ್ಯಾಲೆ ಕಂಪನಿ ಆರಿಸಿಕೊಂಡದ್ದು ಮಕ್ಕಳೂ ಬಲ್ಲ ಕತೆಯನ್ನು, ನೂರು ವರ್ಷ ಮಲಗಿದ ರಾಜಕುಮಾರಿಯ ‘ಸ್ಲೀಪಿಂಗ್ ಬ್ಯೂಟಿ’ಯನ್ನು. ಮಾರ್ಗೋ ಫಾಂಟೇನ್ ರಾಜಕುಮಾರಿ ಅರೋರಾ ಆದಳು, ಆಲಿವರ್ ಮೆಸೆಲ್ ರಂಗಸಜ್ಜಿಕೆ ಮಾಡಿದ. 1949ರಲ್ಲಿ ಕಂಪನಿ ನ್ಯೂಯಾರ್ಕಿಗೆ ಹೋದಾಗ ಮೊದಲ ರಾತ್ರಿ ಇದನ್ನೇ ಆಡಿತು. ರಾಯಲ್ ಬ್ಯಾಲೆ ಎಂದು ಹೆಸರು ಬದಲಾದ ಅದೇ ಕಂಪನಿ ತನ್ನ 75ನೇ ವರ್ಷಕ್ಕೆ, 2006ರಲ್ಲಿ, ಆ ಹಳೆಯ ಮೆಸೆಲ್ ವಿನ್ಯಾಸಗಳ ಆಧಾರದ ಮೇಲೆ ಅದನ್ನು ಮತ್ತೆ ರಂಗಕ್ಕೆ ತಂದಿತು.

ಆದರೆ 1946ರ ಹಿಂದೆ ಇನ್ನೊಂದು ಕತೆಯಿದೆ. ಚೈಕೋವ್‌ಸ್ಕಿಯ ಸಂಗೀತಕ್ಕೆ ಮಾರಿಯಸ್ ಪೆತಿಪಾ ಈ ಬ್ಯಾಲೆಯನ್ನು ಸಂಯೋಜಿಸಿದ್ದು 1890ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ಮಾರಿನ್‌ಸ್ಕಿ ರಂಗಮಂದಿರಕ್ಕಾಗಿ. ರಷ್ಯದಲ್ಲಿ ಕ್ರಾಂತಿಯಾದ ಮೇಲೆ ಅಲ್ಲಿಯ ರಂಗನಿರ್ವಾಹಕ ನಿಕೊಲಾಯ್ ಸೆರ್ಗೆಯೆವ್ ದೇಶ ಬಿಟ್ಟ. ಹೋಗುವಾಗ ಹೆಜ್ಜೆಗಳನ್ನು ಚಿಹ್ನೆಗಳಲ್ಲಿ ಬರೆದಿಟ್ಟ ಕಟ್ಟುಗಳನ್ನು ಜೊತೆಗೆ ಒಯ್ದ. ಸ್ಟೆಪಾನೋವ್ ಎಂಬಾತ ರೂಪಿಸಿದ ಲಿಪಿ ಅದು. ಆ ಕಟ್ಟುಗಳ ಬಲದಿಂದಲೇ 1939ರಲ್ಲಿ ಲಂಡನ್ನಿನ ಹುಡುಗಿಯರಿಗೆ ಸೆರ್ಗೆಯೆವ್ ಪಾಠ ಹೇಳಿದ. ಅವು ಇಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿವೆ. ಮಾರಿನ್‌ಸ್ಕಿಯವರು 1999ರಲ್ಲಿ ತಮ್ಮದೇ 1890ರ ಆಟವನ್ನು ಮರಳಿ ಕಟ್ಟಲು ಹೊರಟಾಗ ಆ ಕಟ್ಟುಗಳನ್ನೇ ಮತ್ತೆ ಬಿಚ್ಚಬೇಕಾಯಿತು.

ಲಿಪಿ ಇದ್ದರೂ ಸಾಲದೆಂಬುದನ್ನು ಬ್ಯಾಲೆಯವರು ಬಲ್ಲರು. ಕಾಗದದಲ್ಲಿ ಕಾಲು ಎಲ್ಲಿಗೆ ಹೋಗಬೇಕು ಎಂದಿರುತ್ತದೆ, ಉಸಿರು ಎಲ್ಲಿ ಹಿಡಿಯಬೇಕು ಎಂದಿರುವುದಿಲ್ಲ. ಹಿಂದೆ ಅರೋರಾ ಆಗಿದ್ದವಳು ಮುಂದೆ ಅರೋರಾ ಆಗುವವಳ ಎದುರು ನಿಂತು ತೋರಿಸಬೇಕು. ಹೊಸ ಹುಡುಗಿಯರು ಹಿಂದಿನ ಸಾಲಿನಲ್ಲಿ ವರ್ಷಗಟ್ಟಲೆ ಕುಣಿದು, ಮುಂದಿನವಳ ಬೆನ್ನು ನೋಡಿ ಕಲಿಯುತ್ತಾರೆ. ಅಲ್ಲಿ ಕಂಪನಿ ಅಂದರೆ ಆಟ ಆಡುವ ಗುಂಪೂ ಹೌದು, ಆಟ ಕಲಿಯುವ ಶಾಲೆಯೂ ಹೌದು. ಈ ಗುಟ್ಟು ನಮ್ಮ ಮೇಳದವರಿಗೂ ಗೊತ್ತಿತ್ತು. ಪಾರಿಜಾತದ ಹುಡುಗಿ ಮೊದಲ ದಿನವೇ ಭಾಮೆಯಾಗುತ್ತಿರಲಿಲ್ಲ. ಹಿಮ್ಮೇಳದಲ್ಲಿ ನಿಂತು ಪಲ್ಲವಿ ಎತ್ತಿಕೊಳ್ಳುತ್ತ, ದೊಡ್ಡವರ ಬಣ್ಣದ ಪೆಟ್ಟಿಗೆ ಕಾಯುತ್ತ, ಗೊಲ್ಲತಿಯಾಗಿ ಬೈಸಿಕೊಳ್ಳುತ್ತ ಬೆಳೆದು, ಒಂದು ದಿನ ಜಡೆ ಕಟ್ಟಿಕೊಂಡು ರಂಗಕ್ಕೆ ಬರುತ್ತಿದ್ದಳು. ಅಷ್ಟರಲ್ಲಿ ಇಡೀ ಆಟ ಆಕೆಯ ಬಾಯಲ್ಲಿ, ಕಾಲಲ್ಲಿ ಇರುತ್ತಿತ್ತು. ನಮ್ಮಲ್ಲಿ ಪದಗಳ ಪುಸ್ತಕ ಅಚ್ಚಾಗಿದೆ. ದೂತಿಯ ಮಾತಿಗೆ ಪುಸ್ತಕವಿಲ್ಲ, ಸುತ್ತು ಹಾಕುವ ಹೆಜ್ಜೆಗೆ ಲಿಪಿಯಿಲ್ಲ. ಮೇಳ ಒಡೆದರೆ ಆಟ ಅರ್ಧ ಹೋದಂತೆ.

ಮೇಳ ಯಾಕೆ ಒಡೆಯಿತು ಎಂದು ಕೇಳಿದರೆ ಸಿನಿಮಾ, ಟಿ.ವಿ., ಮೊಬೈಲ್ ಎಂದು ಬೆರಳು ತೋರಿಸುವುದು ಸುಲಭ. ಅದು ಸುಳ್ಳಲ್ಲ. ಆದರೆ ಅದಕ್ಕಿಂತ ಆಳದ ಒಂದು ಸಂಗತಿಯನ್ನು ಹೇಳದೆ ಪಾರಿಜಾತವನ್ನು ಹೊಗಳುವುದು ನನ್ನಿಂದಾಗದು. ಈ ಆಟವನ್ನು ಎತ್ತಿ ಹಿಡಿದ ಹೆಣ್ಣುಮಕ್ಕಳಲ್ಲಿ ಬಹುಪಾಲು ದೇವದಾಸಿ ಮನೆತನದವರು. ರಾತ್ರಿ ರಂಗದ ಮೇಲೆ ಭಾಮೆಯಾಗಿ ಗಂಡನನ್ನು ತರಾಟೆಗೆ ತೆಗೆದುಕೊಂಡವಳಿಗೆ ಹಗಲಿನಲ್ಲಿ ಗಂಡನೆಂಬುವನೇ ಇರಲಿಲ್ಲ. ಊರ ಗೌಡರು ಆಯೇರಿ ಕೊಟ್ಟರು, ಮರ್ಯಾದೆ ಕೊಡಲಿಲ್ಲ. 1982ರಲ್ಲಿ ಕರ್ನಾಟಕ ದೇವದಾಸಿ ಪದ್ಧತಿಯನ್ನು ನಿಷೇಧಿಸಿತು. ತಾಯಂದಿರು ತಮ್ಮ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದರು, ಗೆಜ್ಜೆ ಬಿಚ್ಚಿಟ್ಟರು. ಅವರು ಮಾಡಿದ್ದು ಸರಿ. ಒಂದು ಕಲೆ ಉಳಿಯಲೆಂದು ಯಾವ ಹುಡುಗಿಯೂ ಆ ಬಾಳಿಗೆ ಮರಳಬೇಕಿಲ್ಲ. ಹಾಗಾದರೆ ಆಕೆ ಮರ್ಯಾದೆಯಿಂದ, ಸಂಬಳದಿಂದ, ತನ್ನ ಇಷ್ಟದಿಂದ ಭಾಮೆಯಾಗುವ ವ್ಯವಸ್ಥೆ ಮಾಡುವುದು ಪುನರುಜ್ಜೀವನದ ಮೊದಲ ಕೆಲಸ. ರೇಷ್ಮೆ ಪರದೆ, ಬಣ್ಣದ ದೀಪಗಳಿಗೆ ಹಣ ಖರ್ಚು ಮಾಡುವ ಮೊದಲು ಈ ಲೆಕ್ಕ ತೀರಬೇಕು.

ಇದೇ ಭಾಮೆ ಆಂಧ್ರದಲ್ಲಿ ಬೇರೆ ದಾರಿ ಹಿಡಿದಳು. ಸಿದ್ಧೇಂದ್ರ ಯೋಗಿಯ ಭಾಮಾಕಲಾಪವನ್ನು ಕೂಚಿಪೂಡಿಯ ಬ್ರಾಹ್ಮಣ ಮನೆತನದ ಗಂಡಸರು ತಲೆಮಾರುಗಳ ಕಾಲ ಆಡಿದರು. ಪರದೆಯ ಮೇಲಿಂದ ಜಡೆಯನ್ನು ಈಚೆ ಹಾಕಿ ಸವಾಲೆಸೆಯುವ ಭಾಮೆಯ ಪ್ರವೇಶ ಅಲ್ಲಿ ಹೆಸರಾದದ್ದು. ವೇದಾಂತಂ ಸತ್ಯನಾರಾಯಣ ಶರ್ಮ ಗಂಡಸಾಗಿದ್ದೂ ಬಾಳಿನುದ್ದಕ್ಕೂ ಸತ್ಯಭಾಮೆಯಾಗಿಯೇ ಪ್ರಸಿದ್ಧರಾದರು. ವೆಂಪಟಿ ಚಿನ್ನ ಸತ್ಯಂ ಮದ್ರಾಸಿನಲ್ಲಿ ಕೂತು ಪಾರಿಜಾತದ ಕತೆಯನ್ನು ನಗರದ ರಂಗಮಂದಿರಕ್ಕೆ ಒಪ್ಪುವ ನೃತ್ಯನಾಟಕವಾಗಿ ಹೊಸದಾಗಿ ಕಟ್ಟಿದರು, ಅದು ದೇಶ ವಿದೇಶ ಸುತ್ತಿತು. ಅದು ದೊಡ್ಡ ಸಾಧನೆ, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಅದನ್ನೇ ನಮ್ಮ ಪಾರಿಜಾತಕ್ಕೂ ಮಾದರಿ ಮಾಡಿಕೊಳ್ಳಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕೂಚಿಪೂಡಿಯ ಭಾಮೆಯ ಸೊಗಸು ಅಭಿನಯದಲ್ಲಿದೆ, ಹೆಜ್ಜೆಯಲ್ಲಿದೆ. ಅವುಗಳನ್ನು ಸೋಸಿ ಒಂದೂವರೆ ತಾಸಿಗೆ ಇಳಿಸಬಹುದು. ನಮ್ಮ ಭಾಮೆಯ ಜೀವವಿರುವುದು ವಾದದಲ್ಲಿ. ದೂತಿಯ ಮಾತು ತೆಗೆದರೆ ಉಳಿಯುವುದು ಒಳ್ಳೆಯ ಹಾಡುಗಳ ಒಂದು ಕಛೇರಿ.

ಪಾರಿಜಾತದ ಮೇಳ ಒಡೆಯಿತು, ಹಾಗಂತ ವಿಜಯಪುರ ಜಿಲ್ಲೆಯಲ್ಲಿ ಆಟದ ಹಸಿವು ಬತ್ತಿದೆ ಎನ್ನುವಂತಿಲ್ಲ. ಇಂದಿಗೂ ಇಲ್ಲಿಯ ಹಳ್ಳಿಯಲ್ಲಿ ಜಾತ್ರೆಯೆಂದರೆ ನಾಟಕ ಬೇಕು. ದುಡಿಯಲು ಗೋವಾ, ಪುಣೆ, ಮುಂಬೈ, ಮಂಗಳೂರಿಗೆ ಗುಳೆ ಹೋದ ಹುಡುಗರು ಜಾತ್ರೆಗೆಂದು ಊರಿಗೆ ಬಂದು, ಮಾಸ್ತರರನ್ನು ಹಿಡಿದು, ತಾಲೀಮು ಮಾಡಿ, ಸಾಮಾಜಿಕ ನಾಟಕ ಆಡುತ್ತಾರೆ. ಸ್ತ್ರೀ ಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ, ಪರದೆ, ಸೀನು ಬಾಡಿಗೆಗೆ ತರುತ್ತಾರೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಈಗಲೂ ವೃತ್ತಿ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ಈ ಕಂಪನಿ ಲೋಕದ ದೊಡ್ಡ ಹೆಸರು ರಾಜು ತಾಳಿಕೋಟೆ ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿಯಲ್ಲಿ. ಅವರ ಮನೆತನ ನಡೆಸಿದ ಕಂಪನಿಯ ಹೆಸರು ತಾಳಿಕೋಟೆಯ ಖಾಸ್ಗತೇಶ್ವರನದು. ಮುಸಲ್ಮಾನ ಮನೆಯವರು ವೀರಶೈವ ಮಠದ ಗುರುವಿನ ಹೆಸರಿಟ್ಟುಕೊಂಡು ಊರೂರು ಸುತ್ತಿದರು, ಜನ ಅದನ್ನು ತಮ್ಮದೇ ಕಂಪನಿ ಎಂದು ಪ್ರೀತಿಸಿದರು. ‘ಕಲಿಯುಗದ ಕುಡುಕ’ನಾಗಿ ಮನೆಮಾತಾದ ಅವರು ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದಾಗಲೇ, 2025ರ ಅಕ್ಟೋಬರಿನಲ್ಲಿ ತೀರಿಕೊಂಡರು. ಟೆಂಟಿನೊಳಗೆ ಹುಟ್ಟಿ ಟೆಂಟಿನೊಳಗೇ ಮಾತು ಕಲಿತವರ ಪೀಳಿಗೆ ಹೀಗೆ ಒಬ್ಬೊಬ್ಬರಾಗಿ ಹೋಗುತ್ತಿದೆ. ಜನರನ್ನು ನಗಿಸಿ ಮರುಗಳಿಗೆ ಹಿಡಿದು ನಿಲ್ಲಿಸುವ ಆ ಮಾತಿನ ಚಳಕ ಪಾರಿಜಾತದ ದೂತಿಗೂ ಬೇಕಾದ ಚಳಕವೇ.

ಬಾಯಲ್ಲಿ ಮಾತ್ರ ಇರುವುದನ್ನು ಉಳಿಸಿಕೊಳ್ಳುವ ಕೆಲಸವನ್ನು ಈ ನೆಲದವರು ಒಮ್ಮೆ ಮಾಡಿ ತೋರಿಸಿದ್ದಾರೆ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ, ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರು ಹಾಡುತ್ತಿದ್ದುದನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಆಮೇಲೆ ಲಾವಣಿಗಳನ್ನು ಸಂಗ್ರಹಿಸಿದರು. ಅವರಿಗೆ ಅನುದಾನವಿರಲಿಲ್ಲ, ಧ್ವನಿಮುದ್ರಣ ಯಂತ್ರವಿರಲಿಲ್ಲ. ಕಿವಿ, ಪೆನ್ಸಿಲ್ಲು ಮತ್ತು ತಮ್ಮ ಅವ್ವಂದಿರ ಮೇಲಿನ ಭಕ್ತಿ ಇತ್ತು. ಇಂದು ನಮ್ಮಲ್ಲಿ ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಅಕಾಡೆಮಿ ಇದೆ, ವಿಜಯಪುರದಲ್ಲಿ ನಾಟಕಕಾರ ಕಂದಗಲ್ ಹನುಮಂತರಾಯರ ಹೆಸರಿನ ರಂಗಮಂದಿರವಿದೆ, ಪ್ರತಿಯೊಬ್ಬರ ಕಿಸೆಯಲ್ಲಿ ಇಡೀ ರಾತ್ರಿ ಚಿತ್ರೀಕರಿಸಬಲ್ಲ ಯಂತ್ರವಿದೆ. ಇರುವ ಹಿರಿಯ ಕಲಾವಿದರಿಂದ ಇಡೀ ರಾತ್ರಿಯ ಆಟವನ್ನು, ಒಂದು ಮಾತೂ ಕತ್ತರಿಸದೆ, ಬೇರೆ ಬೇರೆ ಊರುಗಳಲ್ಲಿ ಆಡಿಸಿ ದಾಖಲಿಸುವುದು ತುರ್ತಿನ ಕೆಲಸ. ಬೇರೆ ಬೇರೆ ಊರು ಏಕೆಂದರೆ ಊರು ಬದಲಾದಂತೆ ದೂತಿಯ ಮಾತು ಬದಲಾಗುತ್ತದೆ. ಆ ಬದಲಾವಣೆಯೇ ಮುಂದೆ ಕಲಿಯುವವರಿಗೆ ಪಾಠ.

ದಾಖಲೆಯ ಜೊತೆಗೇ ಮೇಳ ಕಟ್ಟಬೇಕು. ಬಸವನಬಾಗೇವಾಡಿಯ ಬಸವೇಶ್ವರ ಜಾತ್ರೆ, ಸಿಂದಗಿ ಸೀಮೆಯ ಗೋಲಗೇರಿ ಗೊಲ್ಲಾಳೇಶ್ವರನ ಜಾತ್ರೆ, ಇಂಡಿ ಕಡೆ ಲಚ್ಯಾಣದ ಸಿದ್ಧಲಿಂಗ ಮಹಾರಾಜರ ಜಾತ್ರೆ ಹೀಗೆ ಒಂದೊಂದು ತಾಲ್ಲೂಕಿನ ಜಾತ್ರೆಯ ಕಮಿಟಿಯೂ ಪಾರಿಜಾತಕ್ಕೆ ಒಂದು ರಾತ್ರಿ ಎತ್ತಿಡಬಹುದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರಿಗೆ ಗುಡಿಯ ಮುಂದಿನ ಹಳೆಯ ಬಯಲು ಸಿಕ್ಕಿಲ್ಲ, ಅಂಥ ಊರುಗಳಲ್ಲಿ ಶಾಲೆಯ ಮೈದಾನವೇ ಸಾಕು. ಎರಡು ತಾಸಿನ ಪ್ರಯೋಗವೂ ಇರಲಿ, ಪಟ್ಟಣದ ಉತ್ಸವಕ್ಕೆ ಅದು ಬೇಕು. ಆದರೆ ಕತ್ತರಿಸುವಾಗ ನಾರದನನ್ನು ಚಿಕ್ಕದು ಮಾಡಲಿ, ಸ್ತುತಿಗಳನ್ನು ಚಿಕ್ಕದು ಮಾಡಲಿ, ಸ್ವಾಗತ ಭಾಷಣ ಮತ್ತು ಸನ್ಮಾನಗಳನ್ನಂತೂ ಪೂರ್ತಿ ಬಿಡಲಿ. ಗೊಲ್ಲತಿಗೂ ದೂತಿಗೂ ಅವರವರ ಹೊತ್ತು ಸಿಗಬೇಕು. ಹೊಸದಾಗಿ ಕಲಿಸುವವರು ಭಾಮೆಯನ್ನು ಹುಡುಕುತ್ತ ಕೂಡಬೇಕಾಗಿಲ್ಲ. ಚೆನ್ನಾಗಿ ಹಾಡುವ ಹುಡುಗಿಯರು ನಮ್ಮ ಶಾಲೆ ಕಾಲೇಜುಗಳಲ್ಲಿ ಬೇಕಾದಷ್ಟಿದ್ದಾರೆ. ಎಲ್ಲರಿಗಿಂತ ಹೆಚ್ಚು ವರ್ಷ ಬೇಕಾಗುವುದು ದೂತಿಯ ಪಾತ್ರಕ್ಕೆ. ಮಾತಿನಲ್ಲಿ ಚುರುಕಾದ, ಊರ ಸುದ್ದಿಯೆಲ್ಲ ಗೊತ್ತಿರುವ ಹುಡುಗನನ್ನೋ ಹುಡುಗಿಯನ್ನೋ ಆರಿಸಿ, ಈ ಚಳಿಗಾಲದಿಂದಲೇ ಹಿರಿಯರ ಹಿಮ್ಮೇಳದಲ್ಲಿ, ಪೇಟಿಯ ಪಕ್ಕ ಕೂಡ್ರಿಸಬೇಕು.